ಮುರಿದ ಕೊಂಬಿನ ಲೆಕ್ಕ

ನವೆಂಬರ್ ಬಂತೆಂದರೆ ನಾವಿರುವ ವಿಸ್ಕಾನ್ಸಿನ್ನಿನಲ್ಲಿ ಆಫೀಸಿನ ಮಾತುಕತೆಯೇ ಬೇರೆಯಾಗಿಬಿಡುತ್ತದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲಿನ ಶನಿವಾರ ಒಂಬತ್ತು ದಿನಗಳ ಜಿಂಕೆ ಬೇಟೆ ಶುರು. ಸೋಮವಾರ ಅರ್ಧ ಕ್ಯೂಬಿಕಲ್‌ಗಳು ಖಾಲಿ. ಕೆಲಸಕ್ಕೆ ಬಂದವರ ಕೈಯಲ್ಲೊಂದು ಫೋಟೋ, ಬಾಯಲ್ಲೊಂದು ಸಂಖ್ಯೆ: "ಹತ್ತು ಪಾಯಿಂಟು, 150ರ ಮೇಲೆ ಬರುತ್ತಿತ್ತು, ಒಂದು ಕವಲು ಮುರಿದುಹೋಗಿದೆ." ಬೇಟೆಯ ಗಂಧಗಾಳಿ ಇಲ್ಲದ ನಮ್ಮಂಥವರು ತಲೆಯಾಡಿಸಿ ಕಾಫಿ ಮೆಷಿನ್ನಿನ ಕಡೆಗೆ ಸರಿಯುತ್ತೇವೆ. ಬೇಟೆ ಸರಿಯೋ ತಪ್ಪೋ ಎಂಬ ವಾದ ಇನ್ನೊಂದು ದಿನಕ್ಕಿರಲಿ. ಈ 150 ಎಲ್ಲಿಂದ ಬಂತು, ಒಂದು ಕವಲು ಮುರಿದರೆ ಅಷ್ಟು ಬೇಜಾರು ಯಾಕೆ ಎಂದು ಇವತ್ತು ನೋಡೋಣ.

ಮೊದಲು ಭಾಷೆಯ ಒಂದು ತೊಡಕು. ಇಂಗ್ಲಿಷಿನಲ್ಲಿ ಹಾರ್ನ್ ಬೇರೆ, ಆಂಟ್ಲರ್ ಬೇರೆ. ನಮಗೆ ಎರಡೂ ಕೊಂಬೇ. ದನ, ಮೇಕೆ, ಕೃಷ್ಣಮೃಗಗಳ ಕೊಂಬು ಬದುಕಿಡೀ ಉಳಿಯುವಂಥದ್ದು, ಒಳಗೆ ಮೂಳೆ, ಹೊರಗೆ ಉಗುರಿನಂಥ ಕವಚ. ಬಂಡೀಪುರದ ಕಡವೆ, ಚುಕ್ಕೆ ಜಿಂಕೆಗಳದು ಮತ್ತು ಇಲ್ಲಿನ ವೈಟ್‌ಟೇಲ್ ಜಿಂಕೆಯದು ಬರೀ ಮೂಳೆ. ಕವಲೊಡೆದು ಬೆಳೆದು ಉದುರುತ್ತದೆ, ಮತ್ತೆ ಹೊಸದು ಬರುತ್ತದೆ. ವೈಟ್‌ಟೇಲ್‌ಗೆ ಚಳಿಗಾಲದಲ್ಲಿ ಉದುರಿದ್ದು ವಸಂತದಲ್ಲಿ ಚಿಗುರುತ್ತದೆ. ಬೆಳೆಯುವ ತಿಂಗಳುಗಳಲ್ಲಿ ಅದರ ಮೇಲೆ ಮಖಮಲ್ಲಿನಂಥ ಚರ್ಮವಿರುತ್ತದೆ, ಅದರಲ್ಲಿ ರಕ್ತ ಹರಿಯುತ್ತಿರುತ್ತದೆ. ಈ ಹಂತದಲ್ಲಿ ಪೆಟ್ಟು ಬಿದ್ದರೆ ಆಕಾರ ಕೆಡುತ್ತದೆ. ಒಣಗಿ ಗಟ್ಟಿಯಾದ ಮೇಲೆ ಪೆಟ್ಟು ಬಿದ್ದರೆ ಮುರಿಯುತ್ತದೆ. ಲೆಕ್ಕದಲ್ಲಿ ಈ ಎರಡಕ್ಕೂ ಬೇರೆ ಬೇರೆ ದಾರಿ.

ಅಮೆರಿಕದಲ್ಲಿ ಹೆಚ್ಚು ಮಾನ್ಯವಾದ ಅಳತೆ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನದು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕಟ್ಟಿದ ಸಂಸ್ಥೆ. ಈಗಿನ ಅಳತೆಯ ಪದ್ಧತಿ 1950ರದ್ದು. ಕೊಂಬನ್ನು ಕನಿಷ್ಠ 60 ದಿನ ಒಣಗಿಸಿ, ಕಾಲಿಂಚು ಅಗಲದ ಉಕ್ಕಿನ ಟೇಪಿನಲ್ಲಿ, ಇಂಚಿನ ಎಂಟನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಎರಡೂ ಕಡೆಯ ಮುಖ್ಯ ಕಾಂಡದ ಉದ್ದ, ಒಂದೊಂದು ಕವಲಿನ ಉದ್ದ, ಪ್ರತಿ ಕಡೆ ನಾಲ್ಕು ಜಾಗದಲ್ಲಿ ಕಾಂಡದ ಸುತ್ತಳತೆ, ನಡುವಿನ ಅಂತರ, ಎಲ್ಲ ಕೂಡಿದರೆ ಗ್ರಾಸ್. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನೆಲ್ಲ ಕಳೆದರೆ ನೆಟ್. ಥೇಟ್ ನಮ್ಮ ಸಂಬಳದ ಚೀಟಿ! ನೆಟ್ ಎಂದರೆ ಮೀನು ಹಿಡಿಯುವುದಕ್ಕೆ ಎಂದು ಬೇಟೆಗಾರರು ಗೊಣಗುವುದೂ ಉಂಟು.

ಯಾವುದು ಕವಲು ಎನ್ನುವುದಕ್ಕೂ ವ್ಯಾಖ್ಯೆ ಇದೆ. ಕನಿಷ್ಠ ಒಂದು ಇಂಚು ಉದ್ದವಿರಬೇಕು, ಅಲ್ಲಿ ಅಗಲಕ್ಕಿಂತ ಉದ್ದ ಹೆಚ್ಚಿರಬೇಕು. ಮುಕ್ಕಾಲು ಇಂಚಿನದು ಬರೀ ಗಂಟು. ಕಾಂಡದ ತುದಿ ಎಣಿಕೆಗೆ ಸೇರುತ್ತದೆ, ಆದರೆ ಅದನ್ನು ಬೇರೆಯಾಗಿ ಅಳೆಯುವುದಿಲ್ಲ.

ಈಗ ಮುರಿದದ್ದು. ನಿಯಮ ಸರಳ: ಉಳಿದಷ್ಟನ್ನೇ ಅಳೆಯಬೇಕು, "ಇದ್ದಿದ್ದರೆ" ಎಂಬುದಿಲ್ಲ. ಒಂದು ಕಾಲ್ಪನಿಕ ಜಿಂಕೆ ತೆಗೆದುಕೊಳ್ಳಿ. ಅಂತರ 18 ಇಂಚು, ಬಲಗಡೆಯ ಎಲ್ಲ ಅಳತೆಗಳ ಮೊತ್ತ 70, ಎಡಗಡೆಯದು 69. ಗ್ರಾಸ್ 157. ಬಲಗಡೆಯದೇ ಎಲ್ಲೆಲ್ಲೂ ತುಸು ಹೆಚ್ಚು ಎಂದಿಟ್ಟುಕೊಂಡರೆ ವ್ಯತ್ಯಾಸ 1, ನೆಟ್ 156. ಬಲ-ಎಡ ಎರಡರಲ್ಲೂ ಮೂರನೆಯ ಕವಲು 9 ಇಂಚು. ಇನ್ನೊಂದು ಗಂಡಿನ ಜೊತೆ ಕಾದಾಡುವಾಗ ಎಡಗಡೆಯದು 4 ಇಂಚು ಮುರಿಯಿತು. ಗ್ರಾಸ್ 153ಕ್ಕೆ ಇಳಿಯಿತು. ಆದರೆ ಈಗ 9ಕ್ಕೂ 5ಕ್ಕೂ ನಡುವೆ 4 ಇಂಚಿನ ವ್ಯತ್ಯಾಸವೂ ಹುಟ್ಟಿತಲ್ಲ, ಒಟ್ಟು ಕಡಿತ 5 ಆಗಿ ನೆಟ್ 148. ಮುರಿದದ್ದು ನಾಲ್ಕು, ಹೋದದ್ದು ಎಂಟು! ನಮ್ಮ ಸಹೋದ್ಯೋಗಿಯ ಬೇಜಾರಿಗೆ ಕಾರಣ ಇದು.

ಹುಬ್ಬಿನ ಬಳಿಯ ಮೊದಲ ಕವಲು ಪೂರ್ತಿ ಹೋಗಿದ್ದರೆ? ಅದರ ಹಿಂದೊಂದು ಮುಂದೊಂದು ಸುತ್ತಳತೆ ತೆಗೆಯಬೇಕು, ಗುರುತೇ ಇಲ್ಲ. ಆಗ ಬುಡದಿಂದ ಎರಡನೆಯ ಕವಲಿನವರೆಗೆ ಎಲ್ಲಿ ಅತಿ ಸಪೂರವೋ ಅಲ್ಲಿನ ಅಳತೆಯನ್ನೇ ಎರಡು ಸಲ ಬರೆಯುತ್ತಾರೆ. ಪ್ರೋಗ್ರಾಮಿನಲ್ಲಿ ಇಲ್ಲದ ಡೇಟಾಕ್ಕೆ ನಾವು ಡೀಫಾಲ್ಟ್ ಕೊಡುತ್ತೇವಲ್ಲ, ಹಾಗೆ. ಮುರಿದ ತುಂಡು ಸಿಕ್ಕಿತು, ಅಂಟಿಸಿದರಾಯಿತು ಎನ್ನುವಂತಿಲ್ಲ. ಅಂಟಿಸಿದ ಭಾಗಕ್ಕೆ ಅಂಕವಿಲ್ಲ. ತಲೆಬುರುಡೆಯೇ ಸೀಳಿದ್ದರೆ ದಾಖಲೆಗೆ ಸೇರಿಸಿಕೊಳ್ಳುವುದೇ ಇಲ್ಲ, ಯಾಕೆಂದರೆ ಎರಡು ಕೊಂಬುಗಳ ನಡುವಿನ ಅಂತರವನ್ನು ಆಮೇಲೆ ನಂಬುವಂತಿಲ್ಲ.

ವಿಚಿತ್ರ ಕವಲುಗಳದು ಇನ್ನೂ ಸ್ವಾರಸ್ಯ. ಮಾಮೂಲಿ ಕವಲು ಕಾಂಡದ ಮೇಲ್ಮೈಯಿಂದ ಏಳುತ್ತದೆ. ಪಕ್ಕದಿಂದಲೋ ಅಡಿಯಿಂದಲೋ ಕೆಳಕ್ಕೆ ಇಳಿಬಿದ್ದರೆ ಅದು ಅಸಹಜ; ಕವಲಿನ ಮೇಲೆ ಕವಲೊಡೆದದ್ದೂ ಸಾಮಾನ್ಯವಾಗಿ ಅಸಹಜವೇ. ಇವುಗಳ ಮೊತ್ತವನ್ನು "ಟಿಪಿಕಲ್" ವರ್ಗದಲ್ಲಿ ಕಳೆಯುತ್ತಾರೆ, "ನಾನ್‌ಟಿಪಿಕಲ್" ವರ್ಗದಲ್ಲಿ ಕೂಡುತ್ತಾರೆ. ನಮ್ಮ ಜಿಂಕೆಗೆ ಮೂರಿಂಚಿನ ಇಳಿಗವಲು ಇದ್ದರೆ ಒಂದರಲ್ಲಿ 145, ಇನ್ನೊಂದರಲ್ಲಿ 151. ಅದೇ ಮೂಳೆ, ಅದೇ ಟೇಪು. ಆದರೆ ಶಾಶ್ವತ ದಾಖಲೆಗೆ ಬೇಕಾದದ್ದು ಮೊದಲನೆಯದರಲ್ಲಿ 170, ಎರಡನೆಯದರಲ್ಲಿ 195. ಆದ್ದರಿಂದ ಯಾವ ಕಡೆ ಹಾಕುವುದು ಲಾಭ ಎಂದು ಲೆಕ್ಕ ಹಾಕಿಯೇ ಹೊರಡಬೇಕು. ಎಡ-ಬಲ ಒಂದೇ ಸಮ ಇದ್ದರೆ ಪ್ರಾಣಿ ಆರೋಗ್ಯವಂತ, ಅದರ ಕಾಡೂ ಚೆನ್ನಾಗಿದೆ ಎಂಬುದು ಈ ಪದ್ಧತಿಯ ಹಿಂದಿನ ನಂಬಿಕೆ. ಬೆಳೆದದ್ದಕ್ಕೆ ದಂಡ ಹಾಕುವುದು ನಮಗಂತೂ ಅನ್ಯಾಯ ಅನ್ನಿಸುತ್ತದೆ. ಬಕ್‌ಮಾಸ್ಟರ್ಸ್ ಎಂಬ ಇನ್ನೊಂದು ಪದ್ಧತಿಯವರಿಗೂ ಹಾಗೇ ಅನ್ನಿಸಿರಬೇಕು, ಅವರು ಏನನ್ನೂ ಕಳೆಯುವುದಿಲ್ಲ.

ಈ ಅಸಹಜತೆ ಸುಮ್ಮನೆ ಬರುವುದಿಲ್ಲ. ಎಳೆಗೊಂಬಿಗೆ ತಂತಿಬೇಲಿ ತಾಗಿರಬಹುದು, ಬುಡಕ್ಕೆ ಗಾಯವಾಗಿರಬಹುದು. ಬುಡದ ಗಾಯವಾದರೆ ವರ್ಷ ವರ್ಷವೂ ಕೊಂಬು ಸೊಟ್ಟಗೆ ಬರುತ್ತದೆ. ಹಿಂಗಾಲು ಮುರಿದ ಜಿಂಕೆಗೆ ಅನೇಕ ಸಲ ಎದುರು ಬದಿಯ ಕೊಂಬು ವಕ್ರವಾಗುತ್ತದೆ! ಬಲಗಾಲಿನ ನೋವನ್ನು ಎಡಗೊಂಬು ಬರೆದಿಡುತ್ತದೆ.

ಟಿಪಿಕಲ್ ವರ್ಗದ ವಿಶ್ವದಾಖಲೆ 213 5/8. 1993ರಲ್ಲಿ ಕೆನಡಾದ ಸಸ್ಕಾಚೆವಾನಿನಲ್ಲಿ ಮಿಲೋ ಹ್ಯಾನ್ಸನ್ ಎಂಬ ರೈತ ಹೊಡೆದದ್ದು. ನಾನ್‌ಟಿಪಿಕಲ್ ದಾಖಲೆ 333 7/8, ಮಿಸ್ಸೌರಿಯ ಸೇಂಟ್ ಲೂಯಿಸ್ ಕೌಂಟಿಯದು. ಅದನ್ನು ಯಾರೂ ಬೇಟೆಯಾಡಲಿಲ್ಲ, 1981ರಲ್ಲಿ ಬೇಲಿಯ ಬಳಿ ಸತ್ತು ಬಿದ್ದಿತ್ತು. ಓಹಾಯೋದಲ್ಲಿ 1940ರಲ್ಲಿ ರೈಲು ಹಳಿಯ ಹತ್ತಿರ ಸಿಕ್ಕಿದ ಇನ್ನೊಂದರ ಅಂಕ 328 2/8. ಅದೂ ಸತ್ತೇ ಸಿಕ್ಕಿದ್ದು. ಅದರ ಬಲಗೊಂಬಿನಲ್ಲಿ ಒಂದು ತೂತಿದೆ. ತೂತಿಗೆ ಅಂಕ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಆ ಜಿಂಕೆಗೆ ಹೆಸರು ಮಾತ್ರ ಅದರಿಂದಲೇ ಬಂದಿದೆ: ಹೋಲ್ ಇನ್ ದ ಹಾರ್ನ್. ಅಲ್ಲಿ ಆಂಟ್ಲರ್ ಎನ್ನಲು ಅವರಿಗೂ ನೆನಪಾಗಲಿಲ್ಲ ನೋಡಿ!