ಪೆಟ್ಟಿಗ್ರೂ ಪಾದ್ರಿಯ ತೋಟ

ಜಕ್ಕೂರು ಕ್ರಾಸಿನ ಬಳಿ ಮೆಟ್ರೊ ಕಂಬಗಳು ಏಳತೊಡಗಿದಾಗ ನಮ್ಮ ಬೀದಿಯವರೆಲ್ಲ ಒಂದೇ ಲೆಕ್ಕದಲ್ಲಿ ಮುಳುಗಿದರು: ಇಲ್ಲಿ ಹತ್ತಿದರೆ ಎಲ್ಲೆಲ್ಲಿ ಇಳಿಯಬಹುದು? ನೀಲಿ ಮಾರ್ಗದಲ್ಲಿ ಹೆಬ್ಬಾಳ ದಾಟಿ ನಾಗವಾರಕ್ಕೆ ಹೋಗಬೇಕು. ಅಲ್ಲಿ ಗುಲಾಬಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಟ್ಯಾನರಿ ರಸ್ತೆ, ಕಂಟೋನ್ಮೆಂಟ್, ಶಿವಾಜಿನಗರ, ಎಂ.ಜಿ. ರಸ್ತೆ. ಅದರ ಮುಂದಿನ ನಿಲ್ದಾಣದ ಹೆಸರು ರಾಷ್ಟ್ರೀಯ ಮಿಲಿಟರಿ ಶಾಲೆ. ಯೋಜನೆಯ ಮೊದಲ ಕಾಗದಗಳಲ್ಲಿ ಅದು ವೆಲ್ಲಾರ ಜಂಕ್ಷನ್. ಹೊಸೂರು ರಸ್ತೆಯ ಆ ಮೂಲೆಯಲ್ಲಿ ಒಂದು ಹಳೆಯ ಚರ್ಚು ಇದೆ ಎಂಬುದು, ಅಷ್ಟು ವರ್ಷ ಬಸ್ಸಿನಲ್ಲಿ ಹಾದುಹೋಗಿದ್ದರೂ, ನನ್ನ ಗಮನಕ್ಕೆ ಬಂದದ್ದು ಮೆಟ್ರೊ ನಕ್ಷೆಯಿಂದಲೇ.

ಆಲ್ ಸೇಂಟ್ಸ್ ಚರ್ಚ್. ಸಕಲ ಸಂತರ ದೇವಾಲಯ. ನಾನು ಹೋದದ್ದು ಭಾನುವಾರ ಬೆಳಿಗ್ಗೆ, ಆರಾಧನೆ ಮುಗಿಯುವ ಹೊತ್ತಿಗೆ. ಗೇಟಿನ ಹೊರಗೆ ವೆಲ್ಲಾರ ಜಂಕ್ಷನ್ನಿನ ಹಾರನ್ನು, ಧೂಳು. ಒಳಗೆ ಇಪ್ಪತ್ತು ಹೆಜ್ಜೆ ಇಟ್ಟರೆ ಸದ್ದು ತಾನಾಗಿಯೇ ಇಳಿಯುತ್ತದೆ. ನೆಲದ ತುಂಬ ತರಗೆಲೆ, ಮೇಲೆ ಒಂದಕ್ಕೊಂದು ಕೈ ಚಾಚಿದ ದೊಡ್ಡ ಮರಗಳು, ಅವುಗಳ ನಡುವೆ ಇಳಿಜಾರು ಮಾಡಿನ ಪುಟ್ಟ ಗಾಥಿಕ್ ಕಟ್ಟಡ. ಕಟ್ಟಡ ನೋಡಲು ಹೋದ ನಾನು ಬಹಳ ಹೊತ್ತು ನೋಡಿದ್ದು ಮರಗಳನ್ನೇ.

ಈ ಚರ್ಚಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ಸ್ಯಾಮ್ಯುಯೆಲ್ ಥಾಮಸ್ ಪೆಟ್ಟಿಗ್ರೂ. ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಪಾದ್ರಿಯಾಗಿದ್ದವನು. ಬೆಂಗಳೂರಿಗೆ ಅವನು ಕೊಟ್ಟ ಒಂದು ಸಂಸ್ಥೆಯನ್ನು ಎಲ್ಲರೂ ಬಲ್ಲರು, ಕೊಟ್ಟವನ ಹೆಸರನ್ನು ಬಲ್ಲವರು ಕಡಿಮೆ: ಬಿಷಪ್ ಕಾಟನ್ ಶಾಲೆ. 1865ರಲ್ಲಿ ಅದನ್ನು ಶುರುಮಾಡಿದವನು ಇವನೇ. ಶಾಲೆಗೆ ಹೆಸರಾದ ಕಾಟನ್ ಕಲ್ಕತ್ತೆಯ ಬಿಷಪ್. ಮರುವರ್ಷ, 1866ರ ಅಕ್ಟೋಬರಿನಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕುಷ್ಟಿಯಾದಲ್ಲಿ ಸ್ಮಶಾನವೊಂದನ್ನು ಪ್ರತಿಷ್ಠೆ ಮಾಡಿ ಹಡಗಿಗೆ ಮರಳುವಾಗ ಹಲಗೆಯ ಮೇಲಿಂದ ಕಾಲು ಜಾರಿ ಹೊಳೆಗೆ ಬಿದ್ದ. ದೇಹ ಸಿಗಲೇ ಇಲ್ಲ. ಗೋರಿಯಿಲ್ಲದ ಆ ಬಿಷಪ್ಪನ ಹೆಸರು ನಮ್ಮೂರಿನ ಶಾಲೆಯ ಮೇಲೆ ಉಳಿದಿದೆ. ಪೆಟ್ಟಿಗ್ರೂ ಹೆಸರು ಯಾವ ದೊಡ್ಡ ಫಲಕದಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅವನು ಗಿಡಮರಗಳ ಹುಚ್ಚಿನವನು ಎನ್ನುತ್ತಾರೆ. ಚರ್ಚಿನ ಸುತ್ತಲ ತೋಟದ ನಕ್ಷೆ ಬರೆದವನು ಅವನೇ ಎಂಬುದು ಇಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ನನಗೆ ಆ ಮಾತು ತುಂಬ ಹಿಡಿಸಿತು. ಗೋಡೆ ಕಟ್ಟುವ ಹೊತ್ತಿನಲ್ಲೇ ನೆರಳನ್ನೂ ಯೋಚಿಸಿದ ಮನುಷ್ಯ. ಸಸಿ ನೆಟ್ಟವನಿಗೆ ಅದರ ನೆರಳು ಸಿಗುವುದಿಲ್ಲವೆಂದು ಗೊತ್ತಿರುತ್ತದೆ. ಪೆಟ್ಟಿಗ್ರೂ ಊರಿಗೆ ಮರಳಿ 1882ರಲ್ಲಿ ತನ್ನ ಪಾದ್ರಿ ಬದುಕಿನ ನೆನಪುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಆ ಹೊತ್ತಿಗೆ ಇಲ್ಲಿಯ ಗಿಡಗಳಿಗೆ ಹನ್ನೆರಡೋ ಹದಿಮೂರೋ ವರ್ಷ.

ಉಳಿದ ಇತಿಹಾಸ ಚಿಕ್ಕದು. ಈಸ್ಟ್ ಇಂಡಿಯಾ ಕಂಪನಿಯ ಪಿಂಚಣಿದಾರರು ರಿಚ್ಮಂಡ್ ಟೌನಿನ ಆಸುಪಾಸಿನಲ್ಲಿ ನೆಲೆಸಿದ್ದರು. ಮುಪ್ಪಿನಲ್ಲಿ ಸೇಂಟ್ ಮಾರ್ಕ್ಸ್‌ವರೆಗೆ ನಡೆಯಲಾರದವರಿಗೆ ಹತ್ತಿರದಲ್ಲೊಂದು ಪ್ರಾರ್ಥನಾ ಮಂದಿರ ಬೇಕಿತ್ತು. 1869ರಲ್ಲಿ ಕೆಲಸ ಹಿಡಿದು 1870ರಲ್ಲಿ ಬಾಗಿಲು ತೆರೆದರು. ವಿನ್ಯಾಸ ರಾಬರ್ಟ್ ಚಿಸಮ್‌ನದು. ಮದರಾಸಿನ ಸೆನೆಟ್ ಹೌಸ್, ತಿರುವನಂತಪುರದ ನೇಪಿಯರ್ ಮ್ಯೂಸಿಯಂ ಕಟ್ಟಿದ ಅದೇ ಚಿಸಮ್. ಅವನ ಕೈಯ ದೊಡ್ಡ ಕಟ್ಟಡಗಳ ಗುಮ್ಮಟ, ಗತ್ತು ಇಲ್ಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ಇದೂ ಅದರೊಳಗೆ ಸೇರಿತು.

ಆರಾಧನೆ ಮುಗಿಸಿ ಬಂದ ಹಿರಿಯ ಹೆಂಗಸೊಬ್ಬರು ಮರದ ಬುಡದ ಬೆಂಚಿನಲ್ಲಿ ಕುಳಿತಿದ್ದರು. "ಬಾಪ್ಪ, ಕೂತ್ಕೊ, ಬಿಸಿಲಲ್ಲಿ ಯಾಕೆ ನಿಂತಿದೀಯ" ಎಂದರು. ಜಕ್ಕೂರಿಂದ ಬಂದೆ ಎಂದೆ. "ಅಯ್ಯೋ, ಅಷ್ಟು ದೂರದಿಂದಾನಾ!" ಎಂದು ನಕ್ಕು, ತಮ್ಮ ಮದುವೆ, ಮಕ್ಕಳ ದೀಕ್ಷಾಸ್ನಾನ, ಯಜಮಾನರ ಕೊನೆಯ ಪ್ರಾರ್ಥನೆ ಎಲ್ಲ ಇಲ್ಲೇ ಆದದ್ದೆಂದು ಹೇಳಿದರು. ಮೆಟ್ರೊ ನಿಲ್ದಾಣಕ್ಕೆ ಈ ಆವರಣದ ಜಾಗ ಕೇಳಿದ್ದ ವಿಷಯ ನಾನೇ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೋಡೆ ಹೋದ್ರೆ ಇನ್ನೊಂದು ಗೋಡೆ ಕಟ್ಬಹುದು. ಈ ನೆರಳು ಹೋದ್ರೆ ನನ್ನ ಆಯಸ್ಸಲ್ಲಿ ವಾಪಸ್ ಬರುತ್ತಾ ಹೇಳು?" ನನ್ನಲ್ಲಿ ಉತ್ತರ ಇರಲಿಲ್ಲ.

ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ ಸುಮಾರು 21 ಕಿಲೋಮೀಟರು, 18 ನಿಲ್ದಾಣ; ಅದರಲ್ಲಿ 12 ನೆಲದಡಿಯವು. ಸುರಂಗ ಕಾಣುವುದಿಲ್ಲವಾದ್ದರಿಂದ ಮೇಲಿನವರಿಗೆ ತೊಂದರೆಯಿಲ್ಲ ಎಂದುಕೊಳ್ಳುತ್ತೇವೆ. ಸುರಂಗ ಮಾರ್ಗ ಆಳದಲ್ಲಿ ಸಾಗಬಹುದು, ನಿಲ್ದಾಣವನ್ನು ಮಾತ್ರ ಮೇಲಿನಿಂದ ಅಗೆದೇ ಕಟ್ಟಬೇಕು. ಯಂತ್ರಗಳನ್ನು ಇಳಿಸಲು ಜಾಗ ಬೇಕು, ಮಣ್ಣು ಹಾಕಲು ಜಾಗ ಬೇಕು, ಕೊನೆಗೆ ಜನ ಹತ್ತಿಳಿಯುವ ಬಾಗಿಲಿಗೂ ಜಾಗ ಬೇಕು. ಅದಕ್ಕಾಗಿ ಚರ್ಚಿನ ಆವರಣದ ಮೇಲೆ ಕಣ್ಣು ಬಿದ್ದಿದೆ ಎಂದು ತಿಳಿದಾಗ, 2019ರಲ್ಲಿ, ಸಭೆಯವರು ಬೀದಿಗೆ ಬಂದರು. ಪರಿಸರದ ಕಾಳಜಿಯವರೂ ಜೊತೆಗೂಡಿದರು. ಈ ಮಾರ್ಗಕ್ಕೆ 50 ಕೋಟಿ ಯೂರೊ ಸಾಲ ಕೊಡಲು ಒಪ್ಪಿದ್ದ ಯೂರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ದೂರು ವಿಭಾಗಕ್ಕೂ ಅರ್ಜಿ ಹೋಯಿತು. ಬೆಂಗಳೂರಿನ ಒಂದು ಮೂಲೆಯ ಮರಗಳ ಸಂಕಟ ಲಕ್ಸೆಂಬರ್ಗಿನಲ್ಲಿರುವ ಆ ಬ್ಯಾಂಕಿನ ಮೇಜಿನ ಮೇಲೆ ಕುಳಿತಿತು.

ಪ್ರಾರ್ಥನೆಯ ಜಾಗವೊಂದರ ಭವಿಷ್ಯವನ್ನು ಯಾರು ನಿರ್ಧರಿಸಬೇಕು ಎಂದು ಯೋಚಿಸುವಾಗ ನನಗೆ ಕ್ವೇಕರರು ನೆನಪಾಗುತ್ತಾರೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥದವರು ತಮ್ಮನ್ನು 'ಸ್ನೇಹಿತರು' ಎಂದುಕೊಳ್ಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಧ್ಯಪ್ರದೇಶದ ಅಂದಿನ ಹೋಶಂಗಾಬಾದಿಗೂ ಬಂದವರು. ಕೇರಳದಲ್ಲಿ ಇಟ್ಟಿಗೆಗೆ ಜೀವ ಕೊಟ್ಟ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಪೈಕಿಯವರೇ. ಕ್ವೇಕರರ ಹಳೆಯ ಪದ್ಧತಿಯಲ್ಲಿ ಪಾದ್ರಿ ಇಲ್ಲ, ವೇದಿಕೆ ಇಲ್ಲ, ಮೌನವಾಗಿ ಕೂರುತ್ತಾರೆ. ಕಟ್ಟಡ ಪವಿತ್ರವಲ್ಲ, ಕೂಡುವ ಜನ ಪವಿತ್ರ ಎನ್ನುವ ಅವರಿಗೆ ಅದು ಬರೀ ಸಭಾಗೃಹ. ನಮ್ಮ ಸ್ಥಾವರ-ಜಂಗಮದ ಮಾತು ಬಲ್ಲವರಿಗೆ ಇದು ಹೊಸತಲ್ಲ. ಆದರೂ ಇಂಗ್ಲೆಂಡಿನ ಹರ್ಟ್‌ಫರ್ಡಿನಲ್ಲಿ 1670ರಲ್ಲಿ ಕಟ್ಟಿದ ಸಭಾಗೃಹದಲ್ಲಿ ಅವರು ಈಗಲೂ ಕೂಡುತ್ತಾರೆ. ಸಂಖ್ಯೆ ಇಳಿದು, ಮಾಡು ಸೋರಿ, ಕಟ್ಟಡವನ್ನು ಇಟ್ಟುಕೊಳ್ಳೋಣವೋ ಬಿಡೋಣವೋ ಎಂಬ ಪ್ರಶ್ನೆ ಬಂದರೆ ಕೈಯೆತ್ತಿಸಿ ಮತ ಎಣಿಸುವುದಿಲ್ಲ. ಒಬ್ಬರು ಮಾತಾಡಿದ ಮೇಲೆ ಮೌನ, ಆಮೇಲೆ ಇನ್ನೊಬ್ಬರು. ಎಲ್ಲರ ಮನಸ್ಸು ಎತ್ತ ವಾಲಿದೆ ಎಂಬುದನ್ನು ಸಭೆಯ ಬರಹಗಾರರು ಅಲ್ಲೇ ಬರೆದು ಓದುತ್ತಾರೆ. ಒಪ್ಪಿಗೆಯಾಗದಿದ್ದರೆ ಮುಂದಿನ ಸಭೆಗೆ ಬಿಡುತ್ತಾರೆ.

ಹೊಸೂರು ರಸ್ತೆಯ ಬೆಂಚಿನ ಮೇಲೆ ಕುಳಿತ ಹಿರಿಯರಿಗೆ ಅಂಥ ಅನುಕೂಲವಿಲ್ಲ. ಸಿಎಸ್‌ಐಯಲ್ಲಿ ಆಸ್ತಿಪಾಸ್ತಿ ಸಾಮಾನ್ಯವಾಗಿ ಟ್ರಸ್ಟ್ ಅಸೋಸಿಯೇಷನ್ನಿನ ಕೈಯಲ್ಲಿರುತ್ತದೆ. ಅದರ ಮೇಲೆ ಸರ್ಕಾರದ ಭೂಸ್ವಾಧೀನ, ಮೆಟ್ರೊ ನಿಗಮದ ನಕ್ಷೆ, ಬ್ಯಾಂಕಿನ ಸಾಲ. ಚರ್ಚಿನಲ್ಲಿ ಮೊಣಕಾಲೂರುವವರ ಮಾತು ಕೊನೆಯದಾಗಿ ಕೇಳಿಸುತ್ತದೆ. ಅದು ಮೊದಲು ಕೇಳಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮೆಟ್ರೊ ಬೇಡವೆನ್ನುವ ಬಾಯಿ ನನಗಿಲ್ಲ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ದಿನಕ್ಕೆರಡು ಬಾರಿ ಸಿಕ್ಕಿಬೀಳುವ ಜಕ್ಕೂರಿನವನು ನಾನು. ಆದರೆ ನಮ್ಮೂರಿನ ವಿಮಾನ ಮೈದಾನದ ಪಕ್ಕದಲ್ಲಿ ರಸ್ತೆ ಮೇಲೆದ್ದು, ಅಲ್ಲಿಯ ರನ್‌ವೇಯ ಬಳಕೆಯ ಉದ್ದವೇ ಕುಗ್ಗಿದ್ದನ್ನೂ ಕಂಡವನು. ಒಂದು ಅನುಕೂಲ ಬರುವಾಗ ಪಕ್ಕದಲ್ಲಿ ಏನು ಸವೆಯುತ್ತದೆಂದು ಅವತ್ತು ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಗುಲಾಬಿ ಮಾರ್ಗದಲ್ಲಿ ರೈಲು ಓಡುವ ದಿನ ಜಕ್ಕೂರು, ಯಲಹಂಕ, ಹೆಬ್ಬಾಳದ ಕಡೆಯಿಂದ ಹೋಗುವವರು ಮಿಲಿಟರಿ ಶಾಲೆಯ ನಿಲ್ದಾಣದಲ್ಲಿ ಒಮ್ಮೆ ಇಳಿಯಿರಿ. ಮೆಟ್ಟಿಲು ಹತ್ತಿ ಮೇಲೆ ಬಂದು ಚರ್ಚಿನ ಗೇಟು ಎಲ್ಲಿ ಎಂದು ಕೇಳಿ. ಭಾನುವಾರವಾದರೆ, ಆರಾಧನೆ ಮುಗಿದ ಮೇಲೆ, ಬೆಂಚಿನಲ್ಲಿ ಕುಳಿತವರು ನಿಮ್ಮನ್ನೂ ನೆರಳಿಗೆ ಕರೆಯುತ್ತಾರೆ. ಹೋಗಿ ಕೂತು ಬನ್ನಿ.