ಹಸ್ತಾ ಮಳಿ ಕೆಳಗಿಂದ ಬರ್ತದ

ಮನೆ ತೋರಿಸಲು ಬರುವ ಮಾಲೀಕರ ಕೈಯಲ್ಲಿ ಬೀಗದ ಕೈ ಇರುತ್ತದೆ. ಈಕೆಯ ಕೈಯಲ್ಲಿದ್ದದ್ದು ಮರಳು ತುಂಬಿ ಬಾಯಿ ಹೊಲಿದ ಹಳೆಯ ತಲೆದಿಂಬಿನ ಚೀಲ.

2025ರ ಸೆಪ್ಟೆಂಬರ್ ನಡುವೆ, ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಐಸಿಟಿಯಲ್ಲಿ ಸಂಶೋಧನೆಗೆ ಸೇರಿದ ತಂಗಿಯ ಮಗನಿಗೆ ಮನೆ ಹುಡುಕುತ್ತ ಹೈದರಾಬಾದಿನ ತಾರ್ನಾಕದ ಗಲ್ಲಿಗಳನ್ನು ಸುತ್ತುತ್ತಿದ್ದೆವು. ಹಬ್ಸಿಗುಡದ ಕಡೆ ಹೋಗುವ ರಸ್ತೆಯೊಂದರಲ್ಲಿ ಟು-ಲೆಟ್ ಬೋರ್ಡು ಕಂಡಿತು. ನಮ್ಮ ಮಾತು ಕೇಳಿಸಿರಬೇಕು, ಗೇಟು ತಟ್ಟುವ ಮೊದಲೇ ಒಳಗಿನಿಂದ ದನಿ ಬಂತು: ‘ಬರ್ರಿ ಒಳಗ, ನಮ್ಮ ತವರುಮನಿ ಕಲಬುರ್ಗಿ.’ ಎಪ್ಪತ್ತು ದಾಟಿದ ಹೆಣ್ಣುಮಗಳು. ಕೆಳಗೆ ಎರಡು ಪೋರ್ಷನ್, ಮೇಲೊಂದು, ತಾರಸಿಯ ಮೇಲೆ ಹೈದರಾಬಾದಿಗರು ಪೆಂಟ್‌ಹೌಸ್ ಎಂದು ಕರೆಯುವ ಒಂಟಿ ಕೋಣೆ.

ಮಳೆಗಾಲ ಮುಗಿಯುತ್ತ ಬಂದಾಗ ಮರಳು ಚೀಲ ಯಾಕೆ ಎಂದು ಕೇಳಿದೆ. ಅವರು ನನ್ನನ್ನು ಪಂಚಾಂಗವೇ ಗೊತ್ತಿಲ್ಲದವನಂತೆ ನೋಡಿದರು. ‘ಈಗ ಉತ್ತರಿ ನಡದದ. ಇನ್ನ ಹಸ್ತಾ ಬರಬೇಕು, ಚಿತ್ತಾ ಬರಬೇಕು. ಮಿರಗದ ಮಳಿ ಮ್ಯಾಲಿಂದ ಸೋರತದ. ಹಸ್ತಾ ಮಳಿ ಕೆಳಗಿಂದ ಬರ್ತದ.’

ಈ ಒಂದು ಮಾತು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಊರಿಗೆ ಬಂದವನೇ ಹಳೆಯ ಪತ್ರಿಕಾ ತುಣುಕುಗಳನ್ನು ಹರಡಿಕೊಂಡು ನೆರೆಯ ತಾರೀಖುಗಳಿಗೆ ಮಳೆ ನಕ್ಷತ್ರ ಹೊಂದಿಸತೊಡಗಿದೆ. ಮೂಸಿ ನದಿ ಹೈದರಾಬಾದನ್ನೇ ನುಂಗಿದ್ದು 1908ರ ಸೆಪ್ಟೆಂಬರ್ 28ರಂದು. ಹಸ್ತ. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡ ನಮ್ಮ ವಿಶ್ವೇಶ್ವರಯ್ಯನವರು ಮೂಸಿ ಕಣಿವೆಯ 788 ಕೆರೆಗಳಲ್ಲಿ 221 ಒಡೆದಿದ್ದವೆಂದು ಲೆಕ್ಕ ಕೊಟ್ಟರು. ಅವರ ಯೋಜನೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದವು. ಮುಂದೆ 2020ರ ಅಕ್ಟೋಬರ್ 13: ಕಾಕಿನಾಡದ ಬಳಿ ದಡ ದಾಟಿದ ವಾಯುಭಾರ ಕುಸಿತದಿಂದ ಬೇಗಂಪೇಟೆಯಲ್ಲಿ ಒಂದು ದಿನಕ್ಕೆ 19 ಸೆಂಟಿಮೀಟರ್, ಘಟಕೇಸರದ ಕಡೆ 32. ಚಿತ್ತಾ. ರಾಮಂತಾಪುರದ ಕೆರೆ ಉಕ್ಕಿ ಹಬ್ಸಿಗುಡದ ಬೀದಿಗಳಿಗೆ ನುಗ್ಗಿತು. ಅದೇ ಮಾರುತ ಪಶ್ಚಿಮಕ್ಕೆ ಹೊರಳಿ ಕಲಬುರಗಿಗೂ ಹೋಯಿತು, ಭೀಮೆ ತುಂಬಿ ಹರಿದಳು. ಮನೆಯೊಡತಿಗೆ ಒಂದೇ ವಾರದಲ್ಲಿ ಗಂಡನ ಮನೆಯ ಚಿಂತೆಯೂ ತವರಿನ ಚಿಂತೆಯೂ!

ನನ್ನ ಲೆಕ್ಕವನ್ನು ಕೆಡಿಸುವ ತಾರೀಖೂ ಒಂದಿದೆ. 2000ದ ಆಗಸ್ಟ್ 24ರಂದು ಹೈದರಾಬಾದಿನಲ್ಲಿ 24 ಸೆಂಟಿಮೀಟರ್ ಸುರಿದಾಗ ನಡೆಯುತ್ತಿದ್ದದ್ದು ಮಘೆ. ಇದನ್ನು ಫೋನಿನಲ್ಲಿ ಹೇಳಿದಾಗ ಆಕೆ ಸೋಲಲಿಲ್ಲ: ‘ಒಂದು ಮಳಿ ದಾರಿ ತಪ್ಪಿ ಬಂತಂದ್ರ ಪಂಚಾಂಗ ಸುಳ್ಳಾತೇನು?’ ನಕ್ಷತ್ರವನ್ನು ನಂಬಬೇಕಿಲ್ಲ, ಕಾರಣ ನೆಲದ ಮೇಲೇ ಇದೆ. ಸೆಪ್ಟೆಂಬರ್ ಕೊನೆಗೆ ಮಣ್ಣು ನೀರು ಕುಡಿದು ಸಾಕಾಗಿರುತ್ತದೆ, ಕೆರೆ ತುಂಬಿರುತ್ತದೆ. ಆಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಆಂಧ್ರದ ದಡ ಹತ್ತಿ ಒಳನಾಡಿಗೆ ಬಂದರೆ ನೀರಿಗೆ ನಾಲಾ ಬಿಟ್ಟು ಬೇರೆ ಗತಿಯಿಲ್ಲ. ನಾಲಾ ತುಂಬಿದರೆ ಅದು ಬರುವ ದಾರಿ ನಿಮ್ಮ ಬಚ್ಚಲು.

ಮರಳು ಚೀಲ ಇದ್ದದ್ದು ಅದಕ್ಕೇ. ಆಕೆ ಬಚ್ಚಲಿನ ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಚೀಲ ಇಟ್ಟು, ಕಾಲಿನಿಂದ ಒತ್ತಿ ತೋರಿಸಿದರು. ಮೋರಿ ನೀರು ಹಿಂದಕ್ಕೆ ಉಕ್ಕಿದರೂ ಸುಲಭಕ್ಕೆ ಏಳದಂತೆ ಕೂತಿತು. ಅಂಥವು ಒಂಬತ್ತು ಚೀಲ, ಕೆಳಗಿನ ಎರಡೂ ಪೋರ್ಷನ್‌ಗಳಿಗೆ. ಕರೆಂಟು ಮೀಟರಿನ ಬೋರ್ಡು ಮೊಣಕಾಲ ಮಟ್ಟದಿಂದ ಎದೆಮಟ್ಟಕ್ಕೆ ಏರಿದೆ. ಸಂಪಿನ ಬಾಯಿಗೆ ಗೇಣೆತ್ತರ ಕಟ್ಟೆ ಬಂದಿದೆ. ಅದರ ಹಿಂದೆ ಒಂದು ಕತೆ: 2020ರಲ್ಲಿ ಗಟಾರದ ನೀರು ಸಂಪಿಗೆ ಸೇರಿತ್ತು. ‘ಬಾಡಿಗಿಗಿದ್ದ ಪುಣ್ಯಾತ್ಮ ಬೆಳಿಗ್ಗೆ ಎದ್ದು ಮೋಟರ್ ಚಾಲೂ ಮಾಡಿದ. ಆ ಹೊಲಸೆಲ್ಲ ಮ್ಯಾಲಿನ ಟಾಕಿಗಿ ಏರಿತು. ಮೂರೂ ಮನಿಯವರು ಅದರಾಗ ಹಲ್ಲು ತಿಕ್ಕಿದರು.’

ತಾರಸಿಯನ್ನೂ ಆಕೆ ಬಿಟ್ಟಿಲ್ಲ, ಮೇ ತಿಂಗಳಲ್ಲೇ ಪಾರಿವಾಳದ ಗೂಡು ತೆಗೆಸಿ ಪೈಪಿಗೆ ಜಾಲರಿ ಹಾಕಿಸಿದ್ದಾರೆ. ಆದರೆ ಅಷ್ಟನ್ನು ಊರೆಲ್ಲ ಮಾಡುತ್ತದೆ. ನಾವು ನೋಡಿದ ಇತರ ಮನೆಗಳಲ್ಲೂ ಮಾಲೀಕರು ತಾರಸಿಗೆ ಬಳಿಸಿದ ವಾಟರ್‌ಪ್ರೂಫಿಂಗ್ ಬಣ್ಣವನ್ನೇ ಹೆಮ್ಮೆಯಿಂದ ತೋರಿಸಿದರು. ನನಗೆ ಅನುಮಾನ: ತಾರಸಿ ಸೋರಿದರೆ ಕಟ್ಟಡ ಹಾಳಾಗುತ್ತದೆ, ನೆಲಮಹಡಿಗೆ ನೀರು ಬಂದರೆ ಹಾಳಾಗುವುದು ಬಾಡಿಗೆದಾರನ ಹಾಸಿಗೆ, ಫ್ರಿಜ್ಜು, ಮಾರ್ಕ್ಸ್‌ಕಾರ್ಡು. ಸೆಲ್ಲಾರಿನಲ್ಲಿ ಮಲಗುವ ವಾಚ್‌ಮನ್ ಸಂಸಾರದ ಸಾಮಾನಿನ ಲೆಕ್ಕವನ್ನಂತೂ ಯಾರೂ ಇಟ್ಟವರಲ್ಲ.

ಹನ್ನೊಂದು ತಿಂಗಳ ಕರಾರು ಪತ್ರ ಗೋಡೆಗೆ ಮೊಳೆ ಹೊಡೆಯಬಾರದು ಎನ್ನುತ್ತದೆ, ಖಾಲಿ ಮಾಡುವಾಗ ಬಣ್ಣದ ಖರ್ಚು ಕೊಡಬೇಕು ಎನ್ನುತ್ತದೆ, ನೆರೆಯ ಮಾತೇ ಎತ್ತುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಎತ್ತುತ್ತದೆ: ಬೇರೆ ಕರಾರು ಇಲ್ಲದಿದ್ದರೆ, ಬಿರುಗಾಳಿಯಿಂದಲೋ ನೆರೆಯಿಂದಲೋ ಮನೆ ಕಾಯಂ ಆಗಿ ವಾಸಕ್ಕೆ ಬಾರದಂತಾದಾಗ ಗುತ್ತಿಗೆ ಮುರಿಯುವ ಆಯ್ಕೆ ಬಾಡಿಗೆದಾರನದು. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಾಲೀಕ ಮಾಡಿಸಲೇಬೇಕಾದ್ದು ಯಾವುದು ಎಂಬಲ್ಲಿಗೆ ಬಂದು ಜಗಳ ನಿಲ್ಲುತ್ತದೆ. ಈಕೆಯ ಕರಾರಿನ ಕೊನೆಗೆ ಪೆನ್ನಿನಲ್ಲಿ ಬರೆದ ಎರಡು ಸಾಲುಗಳಿದ್ದವು: ನೆರೆ ಬಂದರೆ ಸಂಪು ತೊಳೆಸುವುದು ಮಾಲೀಕರ ಖರ್ಚು, ಜಾಲರಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಬಾಡಿಗೆದಾರರ ಕೆಲಸ.

ಹುಡುಗ ಕೆಳಗಿನ ಪೋರ್ಷನ್ನೇ ಹಿಡಿದ. ಆ ಸೆಪ್ಟೆಂಬರ್ 26ರ ರಾತ್ರಿ, ಹಸ್ತ ಹೊಗುವ ಹೊಸ್ತಿಲಲ್ಲೇ, ಜಲಾಶಯಗಳಿಂದ ಬಿಟ್ಟ ನೀರಿಗೆ ಮೂಸಿ ಉಕ್ಕಿ ಎಂಜಿಬಿಎಸ್ ಬಸ್ ನಿಲ್ದಾಣ ಮುಳುಗಿತು. ಅಕ್ಟೋಬರ್ 28ಕ್ಕೆ, ಸ್ವಾತಿಯಲ್ಲಿ, ಮೊಂಥಾ ಚಂಡಮಾರುತ ಆಂಧ್ರದ ದಡ ಹತ್ತಿತು. ತಾರ್ನಾಕದ ಆ ಬಚ್ಚಲಿಗೆ ಎರಡು ಸಲವೂ ನೀರು ಬರಲಿಲ್ಲ. ಚೀಲ ತಡೆದದ್ದೋ, ನೀರೇ ಅತ್ತ ಹೋಗದಿದ್ದದ್ದೋ, ನಾನು ಹೇಳಲಾರೆ. ಅವರು ಮಾತ್ರ ಚೀಲದ ಕಡೆಗೇ.

ಹಸ್ತ ಪ್ರತಿವರ್ಷ ಹೊಗುವುದು ಸೆಪ್ಟೆಂಬರ್ ಕೊನೆಯ ವಾರ. ನೆಲಮಹಡಿ ಬಾಡಿಗೆಗೆ ಕೊಟ್ಟವರು ಅಷ್ಟರೊಳಗೆ ಸಂಪಿನ ಕಟ್ಟೆ ನೋಡಿಕೊಳ್ಳಿ. ಬಾಡಿಗೆಗೆ ಇದ್ದವರು, ದೊಡ್ಡ ಮಳೆಯ ಮರುದಿನ ಮೋಟರಿನ ಸ್ವಿಚ್ಚು ಒತ್ತುವ ಮೊದಲು ಮುಚ್ಚಳ ಎತ್ತಿ ನೋಡಿ.