ಡಿಎನ್‌ಎ ಪರೀಕ್ಷೆ ಮತ್ತು ಕೋಶಕೇಂದ್ರ: ಸಾರ್ವಜನಿಕರಿಗೆ ಮಾಹಿತಿ

ಕಾಣೆಯಾದವರ ಹಾಗೂ ಅಪರಿಚಿತ ಮೃತದೇಹಗಳ ಗುರುತು ಪತ್ತೆಗೆ ಡಿಎನ್‌ಎ ಪರೀಕ್ಷೆಯನ್ನು ಬಳಸಲಾಗುತ್ತದೆ. ಇದಕ್ಕೆ ಯಾವ ಮಾದರಿ ಏಕೆ ಬೇಕು ಎಂಬುದನ್ನು ಕೆಳಗೆ ವಿವರಿಸಲಾಗಿದೆ.

1. ಕೋಶಕೇಂದ್ರ: ಮನುಷ್ಯನ ಆನುವಂಶಿಕ ವಸ್ತುವಾದ ಡಿಎನ್‌ಎಯ ಬಹುಪಾಲು ಜೀವಕೋಶದ ಕೋಶಕೇಂದ್ರದೊಳಗೆ 46 ವರ್ಣತಂತುಗಳ ರೂಪದಲ್ಲಿರುತ್ತದೆ. ಇವುಗಳಲ್ಲಿ 23 ತಾಯಿಯಿಂದಲೂ 23 ತಂದೆಯಿಂದಲೂ ಬಂದಿರುತ್ತವೆ. ಆದುದರಿಂದ ತಂದೆ, ತಾಯಿ ಅಥವಾ ಮಕ್ಕಳ ಮಾದರಿಯೊಂದಿಗೆ ಹೋಲಿಸಿ ಸಂಬಂಧವನ್ನು ನಿರ್ಧರಿಸಬಹುದು.

2. ರಕ್ತ: ಪಕ್ವವಾದ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿರುವುದಿಲ್ಲ. ರಕ್ತದ ಮಾದರಿಯಲ್ಲಿ ಡಿಎನ್‌ಎ ದೊರೆಯುವುದು ಬಿಳಿ ರಕ್ತಕಣಗಳಿಂದ.

3. ಕೂದಲು: ಕೋಶಕೇಂದ್ರವುಳ್ಳ ಜೀವಕೋಶಗಳು ಕೂದಲಿನ ಬುಡದಲ್ಲಿರುತ್ತವೆ. ಕತ್ತರಿಸಿದ ಕೂದಲಿನಲ್ಲಿ ಕೋಶಕೇಂದ್ರದ ಡಿಎನ್‌ಎ ಅತ್ಯಲ್ಪವಾಗಿರುತ್ತದೆ.

4. ಮೈಟೋಕಾಂಡ್ರಿಯ: ಕೋಶಕೇಂದ್ರದ ಹೊರಗಿರುವ ಈ ಕಣಗಳಲ್ಲಿಯೂ 37 ವಂಶವಾಹಿಗಳುಳ್ಳ ಕಿರು ಡಿಎನ್‌ಎ ಇರುತ್ತದೆ. ಒಂದು ಕೋಶದಲ್ಲಿ ಇದರ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆ, ಹಲ್ಲುಗಳಲ್ಲಿಯೂ ಉಳಿದಿರುವ ಸಾಧ್ಯತೆ ಹೆಚ್ಚು. ಇದು ತಾಯಿಯಿಂದ ಬರುವುದರಿಂದ ಸೋದರಮಾವ ಅಥವಾ ತಾಯಿಯ ಸಹೋದರಿಯ ಮಾದರಿಯೂ ಉಪಯುಕ್ತವಾಗಿದೆ. ಆದರೆ ಒಂದೇ ತಾಯಿಯ ಮಕ್ಕಳಲ್ಲಿ ಇಂಥವರೇ ಎಂದು ಇದರಿಂದ ಹೇಳಲಾಗದು.

ಸೂಚನೆ: ಮಾದರಿ ನೀಡುವವರು ಕಾಣೆಯಾದವರೊಂದಿಗಿನ ರಕ್ತಸಂಬಂಧವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ದತ್ತು ಸಂಬಂಧವಿದ್ದಲ್ಲಿ ಅದನ್ನೂ ತಿಳಿಸತಕ್ಕದ್ದು. ತಪ್ಪಿದಲ್ಲಿ ಮನೆಯವರದೇ ದೇಹವಾಗಿದ್ದರೂ ಹೋಲಿಕೆಯಾಗದೆ ಉಳಿಯಬಹುದು.